ಹವಳದ ದಿಬ್ಬಕ್ಕೆ ಹೋಗುವ ಮುನ್ನ ಮಹಡಿಯ ಟ್ಯಾಂಕಿಗೆ ಇಳಿಯಲು ಅನುಮತಿ ಕೋರಿ

ಇಂದ:
ಮನೆ ಸಂಖ್ಯೆ 304ರ ಯಜಮಾನ (ಹೆಸರಿಗೆ ಮಾತ್ರ)

ಗೆ:
ಕಾರ್ಯದರ್ಶಿಯವರು, ನಿವಾಸಿಗಳ ಸಂಘ, ಮನೆ ಸಂಖ್ಯೆ 304

ವಿಷಯ: ಸಮುದ್ರ ಪ್ರವಾಸದ ಪೂರ್ವಸಿದ್ಧತೆಗಾಗಿ ಕಟ್ಟಡದ ನೀರಿನ ಟ್ಯಾಂಕಿನಲ್ಲಿ ಮುಳುಗಲು, ಸಾಧ್ಯವಾದರೆ ಮೇಲೇಳಲು, ಅನುಮತಿ ಕೋರಿ.

ಉಲ್ಲೇಖ: ಮೆಟ್ಟಿಲ ಬಳಿ ತಾವು ಅಂಟಿಸಿರುವ "ಟ್ಯಾಂಕಿಗೆ ಇಳಿದವರು ಯಾರು?" ಎಂಬ ಸೂಚನೆ.

ಮಾನ್ಯರೇ,

ತಾವು ನನ್ನ ಹೆಂಡತಿಯೂ ಆಗಿರುವುದರಿಂದ ಇದನ್ನು ಬಾಯಿಮಾತಿನಲ್ಲೇ ಹೇಳಬಹುದಿತ್ತು. ಆದರೆ "ಸಂಘದ ವಿಷಯ ತಟ್ಟೆ ಮುಂದೆ ಬೇಡ, ಏನಿದ್ರೂ ಬರೆದು ಕೊಡಿ" ಎಂಬುದು ತಮ್ಮದೇ ನಿಯಮವಾದ ಕಾರಣ, ಹಾಗೂ ಬಾಯಿ ಬಿಡಲು ನನಗೆ ಧೈರ್ಯ ಸಾಲದ ಕಾರಣ, ಕೆಳಕಂಡ ಅಂಶಗಳನ್ನು ತಮ್ಮ ಅವಗಾಹನೆಗೆ ತರುತ್ತಿದ್ದೇನೆ.

1. ಇಪ್ಪತ್ಮೂರು ವರ್ಷಗಳ ಹಿಂದೆ, ನಾವು ಮೊದಲ ಸಲ ಭೇಟಿಯಾದಾಗ, "ಈಜು ಬರುತ್ತಾ?" ಎಂದು ತಾವು ಕೇಳಿದ್ದಿರಿ. "ನೀರಿಗೆ ಬಿಟ್ರೆ ದಡಕ್ಕೇ ಬರಲ್ಲ" ಎಂದು ಉತ್ತರಿಸಿದ್ದೆ. ನನಗೆ ಈಜು ಬರುವುದಿಲ್ಲ. ಅಂದೂ ಬರುತ್ತಿರಲಿಲ್ಲ.

2. ಸದರಿ ಹೇಳಿಕೆಯನ್ನು ನಂಬಿ ತಾವು ಎರಡು ವಿಮಾನ, ಒಂದು ಹಡಗು ಮತ್ತು ಆರು ಗಂಟೆಯ ದೋಣಿ ಪಯಣದ ಆಚೆ, ನರಪಿಳ್ಳೆಯೂ ಇಲ್ಲದ ಹವಳದ ದಿಬ್ಬವೊಂದನ್ನು ಹುಡುಕಿದ್ದೀರಿ. ಬಾಯಿಗೆ ಕೊಳವೆ ಸಿಕ್ಕಿಸಿಕೊಂಡು, ಮುಖ ನೀರೊಳಗಿಟ್ಟು ಮೀನು ನೋಡುವ ಯೋಜನೆ ಫ್ರಿಜ್ಜಿನ ಬಾಗಿಲ ಮೇಲಿದೆ. ದೋಣಿಯವರ ಫಾರಂನಲ್ಲಿ "ಈಜು" ಎಂಬಲ್ಲಿ ತಮಗೆ "ಇಲ್ಲ" ಎಂದೂ ನನಗೆ "ಅತ್ಯುತ್ತಮ" ಎಂದೂ, ತೇಲುವ ಜಾಕೆಟ್ "ಒಂದು ಸಾಕು" ಎಂದೂ ತುಂಬಿದ್ದೀರಿ.

3. ಆದ್ದರಿಂದ ಬಕೆಟ್ಟಿನಲ್ಲಿ ಅಭ್ಯಾಸ ಆರಂಭಿಸಿದೆ. ತಲೆ ಒಳಗೆ ಹೋಯಿತು, ಹೊರಗೆ ಬರಲಿಲ್ಲ. ಬಕೆಟ್ಟು ಒಡೆದದ್ದು ಹೇಗೆಂದು ತಾವು ಕೇಳಿದ್ದಿರಿ. ಹೀಗೆ.

4. ಕಾರಣ, ಕಳೆದ ಭಾನುವಾರ ಮಧ್ಯಾಹ್ನ ತಾವು ಮಲಗಿದ್ದಾಗ ಟ್ಯಾಂಕಿಗೆ ಇಳಿದೆ (ಮೊದಲು ಸ್ನಾನ ಮಾಡಿದ್ದೆ). ಈಜಲೆಂದು ಕಾಲಿಗೆ ಕಟ್ಟಿದ್ದ ರಬ್ಬರ್ ರೆಕ್ಕೆ ನೀರು ಹೋಗುವ ಪೈಪಿಗೆ ಸಿಕ್ಕಿಕೊಂಡು, ಕೆಳಗಿನ ಮನೆಗಳಿಗೆ ನೀರು ನಿಂತಿತು. ಎರಡನೇ ಮಹಡಿಯ ನಿವೃತ್ತ ಹೆಡ್‌ಮಾಸ್ಟರು ಮೈತುಂಬ ಸೋಪಿನೊಂದಿಗೆ ನಲವತ್ತು ನಿಮಿಷ ನಿಂತರು. ವಾಚ್‌ಮನ್ ಇಣುಕಿ, "ಸಾರ್, ಏನ್ ಮಾಡ್ತಿದೀರಿ ಒಳಗೆ?" ಎಂದ. ಬಾಯಲ್ಲಿ ಕೊಳವೆಯಿದ್ದ ಕಾರಣ ಉತ್ತರಿಸಲಾಗಲಿಲ್ಲ. "ಅಮ್ಮಾವ್ರಿಗೆ ಹೇಳಲ್ಲ ಬಿಡಿ, ಮೊದ್ಲು ಕಾಲು ತೆಗೀರಿ" ಎಂದ. ಅವನು ಮಾತಿಗೆ ತಪ್ಪಿಲ್ಲ. ಅವನ ಮೇಲೆ ಕ್ರಮ ಬೇಡ.

5. ಮೊನ್ನೆ ಸೂಟ್‌ಕೇಸ್ ತುಂಬುತ್ತಾ ತಾವು ಹೇಳಿದಿರಿ: "ರೀ, ನೀರು ಅಂದ್ರೆ ನಂಗೆ ಜೀವಭಯ. ಆದ್ರೆ ನಿಮ್ಮ ಕೈ ಹಿಡ್ಕೊಂಡ್ರೆ ಇಳೀತೀನಿ ಕಣ್ರೀ." ಅಂದಿನಿಂದ ನನಗೆ ಅನ್ನ ಸೇರುತ್ತಿಲ್ಲ. ನಾಚಿಕೆಯಾಗುತ್ತಿದೆ. ನಾನು ಮುಳುಗಿದರೆ ಮುಳುಗಲಿ, ನನ್ನ ಕೈ ಹಿಡಿದ ತಪ್ಪಿಗೆ ತಾವು ಮುಳುಗಬಾರದು.

ಆದ್ದರಿಂದ ಹೊರಡುವವರೆಗೆ ದಿನಕ್ಕೆ ಒಂದು ಗಂಟೆ, ರೆಕ್ಕೆಯಿಲ್ಲದೆ, ಟ್ಯಾಂಕನ್ನು ಬಳಸಲು ಅನುಮತಿ ನೀಡಬೇಕೆಂದೂ, ಜಾಕೆಟ್ ಎರಡು ಬೇಕೆಂದು ಫಾರಂ ತಿದ್ದಬೇಕೆಂದೂ ಪ್ರಾರ್ಥಿಸುತ್ತೇನೆ.

ತಪ್ಪೊಪ್ಪಿಕೊಂಡು ಹಗುರಾಗಿರುವ, ಆದರೂ ತೇಲದ,
ತಮ್ಮ ವಿಶ್ವಾಸಿ
(ಸಹಿ, ನೀರು ತಾಗಿ ಕದಡಿದೆ)

ಲಗತ್ತುಗಳು:
1. ಬಕೆಟ್ಟಿನ ಹಿಡಿಕೆ
2. ಹೆಡ್‌ಮಾಸ್ಟರರಿಗೆ ಕ್ಷಮಾಪಣಾ ಪತ್ರ, ಜೊತೆಗೆ ಹೊಸ ಸೋಪು

ವಿ.ಸೂ: ಮೇಲ್ಕಂಡ ಸಂಗತಿಯನ್ನು ಕಾರ್ಯದರ್ಶಿಯವರು ಸಮಯ ನೋಡಿಕೊಂಡು ನನ್ನ ಹೆಂಡತಿಗೆ ತಾವೇ ತಿಳಿಸಬೇಕಾಗಿ ವಿನಂತಿ. ಅವಳ ಮುಖ ನೋಡಿ ಹೇಳಲು ನನ್ನಿಂದ ಆಗುತ್ತಿಲ್ಲ.