ಕೈ ಬೀಸಿ ನಡೆಯುವ ವಿದ್ಯೆ

ಅನುರಾಧಾಳ ಸಿಟ್ಟು ಕೊತ್ತಂಬರಿಯ ಮೇಲಲ್ಲ. ಕೊತ್ತಂಬರಿ ಪಾಪ, ಏನು ಮಾಡೀತು? ಸಿಟ್ಟೆಲ್ಲ ‘ಹೆಂಗೂ ಹೊಂಟೀಯಲ್ಲ’ ಎಂಬ ಮಾತಿನ ಮೇಲೆ.

ರಕ್ತದಲ್ಲಿ ಸಕ್ಕರೆ ಅಂಚಿಗೆ ಬಂದು ನಿಂತಿದೆ, ದಿನಾ ಬೆಳಿಗ್ಗೆ ನಡೆಯಿರಿ, ಜೊತೆಗೊಬ್ಬ ಗೆಳತಿಯಿದ್ದರೆ ತಪ್ಪುವುದಿಲ್ಲ ಎಂದಿದ್ದರು ಡಾಕ್ಟರು. ಗೆಳತಿಯನ್ನು ಹುಡುಕಬೇಕಾಗಿರಲಿಲ್ಲ. ಮೇಲಿನ ಮನೆಯಲ್ಲೇ ಗುಣವತಿ ಇದ್ದಳು. ಅನುರಾಧಾಳಂತೆ ಬಾಗಲಕೋಟೆ ಕಡೆಯವಳು, ರೈಲ್ವೆ ಆಫೀಸಿನ ನರಹರಿಯ ಹೆಂಡತಿ. ತೆಲುಗು ನಾಡಿನ ತಾರ್ನಾಕದ ಅವರ ಅಪಾರ್ಟ್‌ಮೆಂಟಿನಿಂದ ಯೂನಿವರ್ಸಿಟಿಯ ಗೇಟು ಕೂಗಳತೆ. ಒಳಗೆ ನೆರಳಿನ ರಸ್ತೆ, ಕೈ ಬೀಸಿ ನಡೆಯುವವರ ಸಾಲು. ಎಲ್ಲರ ಕೈಯೂ ಖಾಲಿ. (ಎಲ್ಲ ಗಂಡಸರ ಕೈ ಎಂದು ತಿದ್ದಿಕೊಂಡು ಓದಬೇಕು.)

ಮೊದಲ ದಿನವೇ ಗಂಡ ವೈಭವ ಹೊದಿಕೆಯೊಳಗಿಂದ ಅಪ್ಪಣೆ ಕೊಡಿಸಿದ. “ಹೆಂಗೂ ಹೊಂಟೀಯಲ್ಲ, ಹಾಲು ತಗೊಂಡು ಬಾ.” ಮರುದಿನ ಹಾಲಿಗೆ ಕೊತ್ತಂಬರಿ ಜೊತೆಯಾಯಿತು. ಆಮೇಲೆ ಪೂಜೆಗೆ ಹೂವು, ಇಸ್ತ್ರಿಯವನ ಹತ್ತಿರದಿಂದ ಗಂಡನ ಅಂಗಿಗಳು. ವ್ಯಾಯಾಮಕ್ಕೆಂದು ಹೊರಟ ಹೆಂಗಸು ಸಂತೆ ಮುಗಿಸಿದ ಎತ್ತಿನ ಗಾಡಿಯಂತೆ ಮನೆಗೆ ಬರತೊಡಗಿದಳು.

“ನಡೀವಾಗ ಎರಡೂ ಕೈ ಬೀಸಬೇಕ್ರಿ” ಎಂದಳು ವೈಭವನಿಗೆ. “ಕೈಯಾಗ ಸಾಮಾನಿದ್ರ ಅದು ವ್ಯಾಯಾಮ ಅಲ್ಲ, ಹಮಾಲಿ.”

“ಹಾಲಿನ ಪಾಕೀಟು ಹಿಡಕೊಂಡ ಬೀಸು. ಜಿಮ್ಮಿನಾಗ ಡಂಬೆಲ್ ಎತ್ತಾಕ ಮಂದಿ ರೊಕ್ಕ ಕೊಡ್ತಾರ.”

ಹಾಲಿಗಿಂತ ದೊಡ್ಡ ಶತ್ರು ರೊಟ್ಟಿ. ಮಾಧಾಪುರದ ಸಾಫ್ಟ್‌ವೇರ್ ಕಂಪನಿಯ ಬಸ್ಸು ಗೇಟಿಗೆ ಬರುವುದರೊಳಗೆ ವೈಭವನ ಡಬ್ಬಿಯಲ್ಲಿ ಬಿಸಿ ರೊಟ್ಟಿ ಇರಬೇಕು. ಮೇಲಿನ ಮನೆಯಲ್ಲೂ ಅದೇ ಸಂವಿಧಾನ. ಹೀಗಾಗಿ ಗೆಳತಿಯರು ಅರ್ಧ ದಾರಿಗೇ ಹಿಂದಿರುಗಿ, ಕಳ್ಳರಂತೆ ಓಡಿ ಬಂದು ಒಲೆ ಹಚ್ಚುತ್ತಿದ್ದರು.

ಜ್ಞಾನೋದಯವಾದದ್ದು ಗುಣವತಿಗೆ. “ಅನು, ನಮ್ಮವ್ವ ಹೊಲಕ್ಕ ಹೋಗೂ ದಿನಾ ಬಿಸಿ ರೊಟ್ಟಿ ಬಡೀತಿದ್ಲೇನು? ಖಡಕ್ ಮಾಡಿ ಬುಟ್ಟಿ ತುಂಬಿ ಇಡ್ತಿದ್ಲು. ವಾರಗಟ್ಲೆ ಕೆಡೂದಿಲ್ಲ. ನಾವೂ ಹಂಗ ಮಾಡೂಣು.”

ಭಾನುವಾರ ಇಬ್ಬರೂ ಕೂತು ರೊಟ್ಟಿಯ ಮಹಾಯಾಗ ನಡೆಸಿದರು. ಒಬ್ಬಳು ತಟ್ಟಿದಳು, ಇನ್ನೊಬ್ಬಳು ಸುಟ್ಟಳು, ಒಣಗಿದ ರೊಟ್ಟಿ ಬುಟ್ಟಿಯಲ್ಲಿ ಗೋಪುರವಾಯಿತು. ಗಂಡಂದಿರು ಹಪ್ಪಳ ಕಂಡಂತೆ ಮುಖ ಮಾಡಿದರೂ ಶೇಂಗಾ ಚಟ್ನಿ ಕಂಡು ಸುಮ್ಮನಾದರು. ಹಾಲು ಮನೆ ಬಾಗಿಲಿಗೇ ಬರುವಂತೆ ಅನುರಾಧಾ ಗೊತ್ತು ಮಾಡಿದಳು.

ಆ ಒಂದು ವಾರ! ನೆರಳಿನಡಿ ಇಬ್ಬರೂ ಕೈ ಬೀಸಿದ್ದೇ ಬೀಸಿದ್ದು. ಅನುರಾಧಾ ಬೀಸಿದ ರಭಸಕ್ಕೆ ಎದುರು ಬಂದ ನಿವೃತ್ತ ಪ್ರೊಫೆಸರರ ಕನ್ನಡಕ ಹಾರಿತು. ಅವಳು ಕ್ಷಮೆ ಕೇಳಿದಳು, ಆದರೆ ನಾಚಿಕೆಪಡಲಿಲ್ಲ.

ವಾರ ಮುಗಿಯುವುದರೊಳಗೆ ವೈಭವ ಖಾಲಿ ಡಬ್ಬಿ ಹಿಡಿದು, ಯುದ್ಧ ಗೆದ್ದವನಂತೆ ಮನೆಗೆ ಬಂದ.

“ಬೆಂಗಳೂರು, ಮೈಸೂರಿನ ಹುಡುಗ್ರೆಲ್ಲಾ ನಿನ್ನ ರೊಟ್ಟಿಗೆ ಮುಗಿಬಿದ್ರು. ಪಿಜಿ ಊಟ ತಿಂದು ಸೊರಗ್ಯಾವ ಪಾಪ. ದಿನಾ ತರ್ತೀನಿ ಅಂದೀನಿ.”

“ತರಾವ್ರು ನೀವು. ಮಾಡಾವ್ರು ಯಾರು?”

ಇದೆಂಥ ಪ್ರಶ್ನೆ ಎನ್ನುವಂತೆ ಅವನು ನಕ್ಕ. “ಹೆಂಗೂ ಮಾಡ್ತೀಯಲ್ಲ.”

“ನಾ ಮಾಡೂದಿಲ್ಲ.”

“ಮಾತು ಕೊಟ್ಟೀನಿ. ನನ್ನ ಮಾನ ಹೋಗ್ತೈತಿ.”

ಅವನ ಮಾನ ಹೋಗಲಿ ಎಂದು ಅನುರಾಧಾ ಗಟ್ಟಿಯಾಗಿಯೇ ಕೂತಿದ್ದಳು. ಅಷ್ಟರಲ್ಲಿ ಅವನ ಟೀಮಿನ ನಿಖಿತಾ ಫೋನು ಮಾಡಿದಳು. “ಅಕ್ಕಾ, ನಿಮ್ಮ ರೊಟ್ಟಿ ತಿಂದು ಅಮ್ಮ ನೆನಪಾದ್ರು.” “ನಾಳೆ ನಿನಗಂತನ ಇನ್ನೆರಡು ಕಳಸ್ತೀನವ್ವಾ” ಎಂದಿತು ಒಂದು ದನಿ. ಅದು ತನ್ನದೇ ಬಾಯಿಂದ ಬಂದದ್ದೆಂದು ಅನುರಾಧಾಳಿಗೆ ತಿಳಿಯುವಷ್ಟರಲ್ಲಿ ಫೋನು ಇಟ್ಟಾಗಿತ್ತು.

ಅತ್ತ ನರಹರಿಯೂ ತನ್ನ ಆಫೀಸಿಗೆಲ್ಲ ರೊಟ್ಟಿ ದಾಸೋಹ ಘೋಷಿಸಿದ್ದ. ಭಾನುವಾರದ ಗೋಪುರ ಮಂಗಳವಾರಕ್ಕೇ ನೆಲಸಮ. ಈಗ ಗೆಳತಿಯರು ದಿನಾ ಬೆಳಿಗ್ಗೆ ತಪ್ಪದೆ ಸೇರುತ್ತಿದ್ದರು, ಅನುರಾಧಾಳ ಅಡುಗೆಮನೆಯಲ್ಲಿ. ಬಾಗಿಲಿಗೆ ಬರುತ್ತಿದ್ದ ಹಾಲಿನವನೂ ಅದೇ ಹೊತ್ತಿಗೆ ಕೈ ಕೊಟ್ಟ.

ರೊಟ್ಟಿಗೆ ಬದಲಾಗಿ ವೈಭವನಿಗೆ ಆಫೀಸಿನ ಗೆಳೆಯರ ಡಬ್ಬಿಗಳಿಂದ ಬಿರಿಯಾನಿ, ಗೋಂಗೂರ ಚಟ್ನಿ, ತುಪ್ಪದಲ್ಲಿ ಮುಳುಗಿದ ಪೊಂಗಲ್ ಸಲ್ಲುತ್ತಿತ್ತು. ಪ್ಯಾಂಟಿನ ಗುಂಡಿ ರಾಜೀನಾಮೆ ಕೊಟ್ಟಿತು. ಕಂಪನಿಯ ಡಾಕ್ಟರು ನಡೆಯಿರಿ ಎಂದರು. ಅವನು ನರಹರಿಯನ್ನು ಕರೆದುಕೊಂಡು ಯೂನಿವರ್ಸಿಟಿಯೊಳಗೆ ನಡೆಯತೊಡಗಿದ. ಒಂದು ದಿನವೂ ತಪ್ಪಿಸಲಿಲ್ಲ. ಯಾಕೆ ತಪ್ಪಿಸಿಯಾನು?

ಅವತ್ತು ಇಬ್ಬರೂ ಬೆವರೊರೆಸಿಕೊಳ್ಳುತ್ತ ಬಂದಾಗ ಅನುರಾಧಾ ರೊಟ್ಟಿ ತಟ್ಟುತ್ತಿದ್ದಳು.

“ಹಾಲು ಎಲ್ಲೈತ್ರಿ? ಹೆಂಗೂ ಹೊಂಟೀರಲ್ಲ ಅಂತ ಹೇಳಿದ್ದೆ.”

ವೈಭವ ಎರಡೂ ಖಾಲಿ ಕೈ ತೋರಿಸಿದ. “ನೀನ ಹೇಳಿದ್ದಿಯಲ್ಲ? ಕೈಯಾಗ ಸಾಮಾನಿದ್ರ ಅದು ವ್ಯಾಯಾಮ ಅಲ್ಲ, ಹಮಾಲಿ. ಭಾಳ ಖರೆ ಐತಿ ನೋಡು.”

“ಜೋಡಿಗೆ ಗೆಳ್ಯಾ ಇದ್ರ ತಪ್ಪೂದಿಲ್ಲ ವೈನಿ” ಎಂದು ನರಹರಿ ಸೇರಿಸಿದ.

ಅನುರಾಧಾಳ ಏಟಿಗೆ ರೊಟ್ಟಿ ಹರಿಯಿತು. ಹರಿದ ರೊಟ್ಟಿ ಮಾಡಿದವಳ ಪಾಲು. ಗುಣವತಿ ಅಭ್ಯಾಸಬಲದಿಂದ ಅದನ್ನು ಸುಟ್ಟು ಅವಳ ತಟ್ಟೆಗೆ ಹಾಕಿದಳು. ಅನುರಾಧಾ ತಟ್ಟೆ ನೋಡಿದಳು. ಎದ್ದು ಒಲೆ ಆರಿಸಿದಳು.

“ಗುಣಾ, ನಡಿ.”

“ಡಬ್ಬಿ?” ಎಂದ ವೈಭವ.

“ಹಿಟ್ಟು ಅಲ್ಲೈತಿ. ಕೈ ಹೆಂಗೂ ಖಾಲಿ ಅದಾವಲ್ಲ.”

ಹಿಟ್ಟಿನ ಕೈಯಲ್ಲೇ ಇಬ್ಬರೂ ರಸ್ತೆಗಿಳಿದರು. ಅನುರಾಧಾ ಸಿಟ್ಟಿನಲ್ಲಿ ಕೈ ಬೀಸುತ್ತ, ಗಂಡಸರ ಕುಲವನ್ನೇ ಜಾಲಾಡುತ್ತ ಯೂನಿವರ್ಸಿಟಿ ಗೇಟಿನ ತನಕ ನಡೆದಳು. ಅಲ್ಲಿ ಗುಣವತಿ ತಟ್ಟನೆ ನಿಂತು ಅವಳ ಕೈಯನ್ನೇ ನೋಡಿದಳು.

ಅನುರಾಧಾಳೂ ನೋಡಿಕೊಂಡಳು. ಯಾರೂ ತಾ ಎಂದಿರಲಿಲ್ಲ. ತರಕಾರಿ ಗಾಡಿಯ ಪಕ್ಕದಲ್ಲಿ ಅವಳ ಬಲಗೈ ತನ್ನಷ್ಟಕ್ಕೆ ತಾನೇ ಒಂದು ಕಟ್ಟು ಕೊತ್ತಂಬರಿ ಎತ್ತಿ, ನೀರು ಕೊಡವಿ, ಬೇರು ಪರೀಕ್ಷಿಸುತ್ತಿತ್ತು.