ಬೂಬಮ್ಮ ಇಲ್ದಿದ್ರೆ ಪಿಚ್ಚರ್ ಬ್ಯಾಡ

ಸಿನಿಮಾದವರು ನಮ್ಮ ಹರಿಹರದ ಕಡೆ ಬಂದ್ರು ಅಂದ್ರೆ ಏನಾದ್ರೂ ಒಂದು ಎಡವಟ್ಟು ಆಗದೆ ಇರಲ್ಲ. ಶೂಟಿಂಗಿಗೆ ಜನ ಕರ್ಕೊಂಡು ಹೋಗೋದೇ ನನ್ನ ಕೆಲಸ ಆಗಿತ್ತಾದ್ದರಿಂದ ಎಡವಟ್ಟೆಲ್ಲ ನನ್ನ ತಲೆಗೇ ಬರ್ತಿತ್ತು. ಅದರಲ್ಲಿ ಭಾನುವಳ್ಳಿ ಅಜ್ಜಿಯ ಪಿಚ್ಚರ್ ಮರೆಯೋ ಹಂಗೇ ಇಲ್ಲ.

ಅದು ನಡೆದ ಕತೆ, ಭಕ್ತಿಯ ಕತೆ. ಹಿಂದೆ ಚಾನಲ್ ಏರಿ ಒಡೆದು ಊರಿಗೆ ನೀರು ನುಗ್ಗಿದಾಗ ಎಲ್ಲಾ ಜಾತಿ ಜನ ಗುಡಿ ಸೇರಿದ್ರಂತೆ. ಅಲ್ಲಿ ಒಲೆ ಹೂಡಿ ಅನ್ನ ಹಾಕಿದ್ದು ಈ ಅಜ್ಜಿ ಅಂತ ಊರೆಲ್ಲ ಮಾತು. ಅಜ್ಜಿ ಒಪ್ಪಿದ್ದು ಒಂದೇ ಷರತ್ತಿಗೆ: “ನನ್ನ ಗೆಳತಿ ಬೂಬಮ್ಮ ಅದರಾಗೆ ಇರ್ಬೇಕು. ಅವ್ಳು ಸತ್ತು ಎಷ್ಟೋ ವರ್ಷ ಆತು, ಒಂದ್ಸಲ ನೋಡ್ಬೇಕು. ಅವ್ಳು ಇಲ್ದಿದ್ರೆ ಪಿಚ್ಚರ್ ಬ್ಯಾಡ.”

ಶುಕ್ರವಾರದ ವಿಭೂತಿ

“ಗುಡಿಯೊಳಗೆ ಎಲ್ಲಾ ಧರ್ಮದವರೂ ಕಾಣ್ಬೇಕು, ದೂರದಿಂದಲೇ ಗೊತ್ತಾಗ್ಬೇಕು” ಅಂದ್ರು ನಿರ್ದೇಶಕರು. ಕರೂರು ಕೈಗಾರಿಕಾ ಪ್ರದೇಶದಿಂದ ರಾತ್ರಿ ಪಾಳಿ ಮುಗಿಸಿದವರನ್ನ ಕರ್ಕೊಂಡು ಬಂದೆ. ಎಲ್ಲರದ್ದೂ ಒಂದೇ ನೀಲಿ ಅಂಗಿ, ಒಂದೇ ನಿದ್ದೆಗಣ್ಣು. ಮೇಕಪ್‌ನವನು ತಲೆ ಸಣ್ಣ ಇದ್ದವರಿಗೆ ಟೋಪಿ ಹಾಕಿದ, ಹಣೆ ಅಗಲ ಇದ್ದವರಿಗೆ ವಿಭೂತಿ ಬಳಿದ.

ಮಧ್ಯಾಹ್ನ ಆಗ್ತಿದ್ದಂಗೆ ಮೂರು ಪಟ್ಟೆ ವಿಭೂತಿಯವನು ಎದ್ದು ಬಂದ. “ಸರ್, ಶುಕ್ರವಾರ ಐತ್ರೀ, ನಮಾಜಿಗೆ ಹೋಗಿ ಬರ್ತೀನಿ.”

ಟೋಪಿಯವನು ಕೂತಲ್ಲಿಂದಲೇ ಕೂಗಿದ, “ಮುಖ ತೊಳ್ಕಂಡು ಹೋಗಲೇ!”

ಅಸಲಿ ಜನ

ಮೊಹರಂ ದೃಶ್ಯಕ್ಕೆ ಮಾತ್ರ ಅಸಲಿ ಜನ ಬೇಕು ಅಂತ ನಿರ್ದೇಶಕರು ಹಟ ಹಿಡಿದ್ರು. ಮಲೆಬೆನ್ನೂರು ಕಡೆಯಿಂದ ಪೀರಲ ದೇವರ ಪಂಜಾ ಹಿಡಿದು ಕುಣಿಯೋ ಮನೆತನದವರನ್ನೇ ತಂದೆ. ಇಳಿದವರು ಮೀಸೆ ಗೌಡ್ರು, ಹಣೆ ಮೇಲೆ ಕುಂಕುಮ.

“ಏನ್ರೀ ಇದು, ಅಸಲಿ ಅಂದಿದ್ದೆ!” ಅಂತ ನಿರ್ದೇಶಕರು ನನ್ನ ಮೇಲೆ ಹರಿಹಾಯ್ದರು.

ಗೌಡ್ರಿಗೆ ಸಿಟ್ಟು ಬಂತು. “ನಮ್ಮ ಮುತ್ತಾತನ ಕಾಲದಿಂದ ದೇವರು ಹಿಡಿಯೋರು ನಾವೇ ಸ್ವಾಮಿ.”

“ಹಂಗಾದ್ರೆ ಮುಸ್ಲಿಮರು ಏನ್ ಮಾಡ್ತಾರೆ?”

“ಹರಕೆ ಸಕ್ಕರೆಗೆ ದುವಾ ಓದಿ ಹಂಚ್ತಾರೆ. ನಾವು ಹೆಜ್ಜೆ ತಪ್ಪಿದ್ರೆ ಬೈತಾರೆ.”

ಬೂಬಮ್ಮ ಬಂದಳು

ಹರೆಯದ ಅಜ್ಜಿಯ ಪಾತ್ರಕ್ಕೆ ಹಾಲಿನಂಥ ಹೀರೋಯಿನ್ ಬಂದ್ಲು. “ಇರ್ಲಿ ಬಿಡ್ರಿ, ಬಿಸಿಲು ಕಂಡಿಲ್ಲ ಪಾಪ” ಅಂದ್ಲು ಅಜ್ಜಿ. ಆದ್ರೆ ಬೂಬಮ್ಮನಾಗಿ ಬಂದಾಕೆ ಮುಡಿಯಿಂದ ಅಡಿತನಕ ಕಪ್ಪು ಬುರ್ಖಾದಲ್ಲಿದ್ದದ್ದು ಕಂಡು ಅಜ್ಜಿ ಕೆಂಡಾಮಂಡಲ.

“ಇದ್ಯಾರು? ನಮ್ಮ ಬೂಬಮ್ಮ ಇಳಕಲ್ ಸೀರೆಯೋಳು, ಕೈತುಂಬ ಹಸಿರು ಬಳೆಯೋಳು. ಕಚ್ಚೆ ಕಟ್ಟಿ ಗದ್ದೆಗೆ ಇಳಿಯೋಳು!”

“ಹಂಗೆ ತೋರಿಸಿದ್ರೆ ಅವರು ಮುಸ್ಲಿಂ ಅಂತ ಜನಕ್ಕೆ ಹೆಂಗೆ ಗೊತ್ತಾಗ್ಬೇಕು ಅಜ್ಜಿ?” ಅಂದ್ರು ನಿರ್ದೇಶಕರು.

“ಗೊತ್ತಾದ್ರೆ ಸಾರಿಗೆ ರುಚಿ ಬರ್ತದೇನಪ್ಪಾ?”

ನಿರ್ದೇಶಕರು ಆ ಪಾತ್ರವನ್ನೇ ತೆಗೀತೀನಿ ಅಂದ್ರು. ಅಜ್ಜಿ ಸೆರಗು ಕೊಡವಿ ಎದ್ದೇಬಿಟ್ಲು. ನೀರು ನುಗ್ಗಿದ ಕಾಲಕ್ಕೆ ಬೂಬಮ್ಮನಿಗೆ ಎಷ್ಟು ವಯಸ್ಸಾಗಿತ್ತೋ ಈಗ ಅಜ್ಜಿಗೂ ಸುಮಾರು ಅಷ್ಟೇ. “ಸರ್, ಅಜ್ಜೀನೇ ಬೂಬಮ್ಮ ಆಗ್ಲಿ ಬಿಡ್ರಿ” ಅಂದೆ. ಇಬ್ಬರೂ ಒಪ್ಪಿದ್ರು.

ಒಲೆಯ ಮುಂದೆ ಹೀರೋಯಿನ್‌ಗೆ “ದೇವರೊಬ್ಬನೇ ಮಗಳೇ” ಅನ್ನೋದಷ್ಟೇ ಅಜ್ಜಿಯ ಮಾತು. ಕ್ಯಾಮೆರಾ ಓಡ್ತು. ಆ ಹುಡುಗಿ ಸಾರು ತಿರುವೋದು ನೋಡ್ತಾ ನೋಡ್ತಾ ಅಜ್ಜಿ ಸೌಟು ಕಿತ್ಕೊಂಡ್ಲು. “ಏನೇ ಇದು, ಆರತಿ ಎತ್ತಿದಂಗೆ! ಊರಿಗೆ ಊರೇ ಹಸ್ಕಂಡು ಕೂತೈತೆ, ಏಳು ಅತ್ಲಾಗೆ!” ಹೀರೋಯಿನ್ ನಿಜವಾಗ್ಲೂ ಬೆದರಿ ಎದ್ದು ನಿಂತ್ಲು. ನಿರ್ದೇಶಕರು ಕಟ್ ಹೇಳೋದನ್ನೇ ಮರೆತ್ರು.

ದಾವಣಗೆರೆ ಟಾಕೀಸಿನಲ್ಲಿ ಅದೇ ದೃಶ್ಯಕ್ಕೆ ಜನ ಬಿದ್ದು ಬಿದ್ದು ನಕ್ಕರು. ಪಕ್ಕದಲ್ಲಿ ಅಜ್ಜಿ ನಗ್ತಾನೇ ಕಣ್ಣೊರೆಸ್ಕೊಳ್ತಿದ್ಲು.

“ಥೇಟ್ ನಮ್ಮ ಬೂಬಮ್ಮ ಕಣಪ್ಪಾ. ಅವತ್ತು ಹಿಂಗೇ ಬೈದು ನನ್ನ ಎಬ್ಬಿಸಿದ್ಲು. ಅಷ್ಟೂ ಅಡುಗೆ ಅವಳೇ ಮಾಡಿದ್ದು, ನಾನು ಬರೀ ನೀರು ಹೊತ್ತೆ.”

ಹಿಂದಿನ ಸೀಟಿನಲ್ಲಿದ್ದ ನಿರ್ದೇಶಕರು ಮುಂದಕ್ಕೆ ಬಗ್ಗಿದ್ರು. “ಅಯ್ಯೋ ಅಜ್ಜಿ, ಇದನ್ನ ಮೊದಲೇ ಹೇಳ್ಬಾರದಿತ್ತಾ?”

“ಕತೆ ಬರ್ಕೊಳ್ಳಾಕೆ ಒಂದು ತಿಂಗಳು ನನ್ನ ಮುಂದೆ ಕೂತು ದೇವರು ಏನ್ ಮಾಡ್ದ ಅಂತ ಕೇಳಿದ್ರಿ. ಅಡುಗೆ ಯಾರು ಮಾಡಿದ್ರು ಅಂತ ಒಂದ್ಸಲನಾದ್ರೂ ಕೇಳಿದ್ರಾ?”