ಮೊಮ್ಮಗಳಿಗೆ ಬಯಾಲಜಿ ಕೊಡಿಸಿದ ದವಡೆ ಹಲ್ಲು

ನಮ್ಮನೇಲಿ ಯಾವ ದೊಡ್ಡ ವಿಷಯವೂ ನೆಟ್ಟಗೆ ನಡೆದದ್ದಿಲ್ಲ. ಮದುವೆ ಮಾತುಕತೆಯಿರಲಿ, ಬಾವಿ ತೋಡೋದಿರಲಿ, ನಡುವೆ ನಗೋ ಹಾಗೆ ಏನಾದರೊಂದು ಆಗಿಯೇ ತೀರುತ್ತೆ. ಮೊಮ್ಮಗಳು ಹಲ್ಲಿನ ಡಾಕ್ಟರಾದದ್ದೂ ಹಾಗೇ.

೧. ಎರಡು ಥರ ಸೈನ್ಸು

ಮಗಳ ಮಗಳು, ಪಾಳ್ಯದ ನಮ್ಮನೇಲಿದ್ದುಕೊಂಡೇ ಹತ್ತನೇ ಕ್ಲಾಸು ಪಾಸು ಮಾಡಿದಳು. ಹಲ್ಲಿನ ಡಾಕ್ಟರಾಗಬೇಕು ಅಂತ ಆಸೆ. ಪಿಯುಸಿ ಸೈನ್ಸಲ್ಲಿ ಬಯಾಲಜಿ, ಇಲ್ಲಾ ಕಂಪ್ಯೂಟರ್, ಎರಡರಲ್ಲಿ ಒಂದೇ ಸಿಗೋದಂತೆ. ಬಯಾಲಜಿ ಬಿಟ್ಟರೆ ಹಲ್ಲಿನ ಓದು ಮರೆತುಬಿಡಬೇಕಂತೆ. ಸ್ಕೂಲು ಕಾಣದ ನನಗೆ ಎರಡೂ ಒಂದೇ. ಆದರೆ ನಮ್ಮ ಯಜಮಾನರು ಎತ್ತಿನ ವ್ಯಾಪಾರದವರು, ಮನೇಲಿ ಅವರ ಮಾತೇ ಮಾತು. ಊರೋರೆಲ್ಲ ಕಂಪ್ಯೂಟರ್ ಅಂತಾರೆ, ಅದನ್ನೇ ತಗೋ ಅಂದರು. ಕಂಪ್ಯೂಟರ್ ಅಂದ್ರೇನು ತಾತ ಅಂತ ಹುಡುಗಿ ಕೇಳಿದಳು.

"ಅದು ಗೊತ್ತಿದ್ದಿದ್ರೆ ನಿನ್ನ ಯಾಕೆ ಕಳಿಸ್ತಿದ್ದೆ, ನಾನೇ ಹೋಗ್ತಿದ್ದೆ."

೨. ಜಿರಲೆ ಪರೀಕ್ಷೆ

ಬಯಾಲಜಿಯಲ್ಲಿ ಜಿರಲೆ ಕುಯ್ಯಬೇಕಂತೆ. ನಮ್ಮ ಹುಡುಗಿಯೋ ಜಿರಲೆ ಕಂಡರೆ ಬೀದಿಗೆ ಓಡೋಳು. ಯಜಮಾನರಿಗೆ ಅಷ್ಟೇ ಸಾಕಾಯಿತು. ಮೊದಲು ಒಂದು ಜಿರಲೆ ಹಿಡಿದು ತೋರಿಸು, ಆಮೇಲೆ ಮಾತು ಅಂದರು. ಪಾಪ, ಸೌದೆ ಒಟ್ಟಿಲಿಂದ ಒಂದನ್ನು ಹಿಡಿದು, ಕಣ್ಣು ಮುಚ್ಚಿಕೊಂಡು ತಂದು, ಮುದ್ದೆ ಉಣ್ಣುತ್ತಿದ್ದ ತಾತನ ಮುಂದೆ ಕೈ ಚಾಚಿದಳು. ಅದು ಹಾರಿ ಅವರ ಹೆಗಲ ಮೇಲೆ ಕೂತಿತು. ತಟ್ಟೆ ಒಂದು ಕಡೆ, ಇವರು ಒಂದು ಕಡೆ. ಬೆಂಚು ಹತ್ತಿ ನಿಂತು ತೀರ್ಪು ಕೊಟ್ಟರು:

"ಹಿಡ್ದಿದ್ದೇನೋ ಸರಿ ಕಣವ್ವ, ಬುಟ್ಟಿದ್ದು ಯಾಕೆ? ಫೇಲು."

೩. ವಯಸ್ಸೆಷ್ಟು?

ಕಾಲೇಜಿಗೆ ಸೇರಿಸೋ ಕಡೇ ದಿನ ಮೂವರೂ ಸಕಲೇಶಪುರಕ್ಕೆ ಹೊರಟೆವು. ಹುಡುಗಿಯ ಮುಖ ಅತ್ತು ಊದಿತ್ತು, ಯಜಮಾನರದ್ದು ದವಡೆ ಹಲ್ಲು ನೋವಿಗೆ ಊದಿತ್ತು. ಬಸ್ಸಲ್ಲೊಬ್ಬರು, ಯಾರು ತೀರಿಕೊಂಡರು ಅಂತ ನನ್ನ ಕಿವೀಲಿ ಕೇಳಿದರು. ಇಳಿದ ಮೇಲೆ ನೋವು ತಡೀಲಾರದೆ ಇವರು ಮೊದಲು ಹಲ್ಲಿನ ಡಾಕ್ಟರ ಹತ್ರವೇ ಹೋದರು.

ಡಾಕ್ಟರು ಚಿಕ್ಕ ವಯಸ್ಸಿನ ಹೆಣ್ಣುಮಗಳು. ವಯಸ್ಸೆಷ್ಟು ಅಜ್ಜ ಅಂತ ಕೇಳಿದಳು. ಇವರು ಬಾಯಿ ತೆಗೆದರು. ಮತ್ತೆ ಕೇಳಿದಳು. ಇನ್ನೂ ಅಗಲ ತೆಗೆದರು.

ಮೊಮ್ಮಗಳೇ ಬಿಡಿಸಿ ಹೇಳಿದಳು: "ಸಂತೇಲಿ ಎತ್ತಿನ ವಯಸ್ಸು ಯಾರೂ ಕೇಳಲ್ಲ ಮೇಡಂ, ಬಾಯಿ ಬಿಡಿಸಿ ಹಲ್ಲು ನೋಡ್ತಾರೆ. ನೀವೂ ನೋಡ್ಕೊಳ್ಳಿ ಅಂತ."

ಡಾಕ್ಟರಮ್ಮ ನಕ್ಕು ನಕ್ಕು ಕಣ್ಣೊರೆಸಿಕೊಂಡಳು. ಹಲ್ಲು ನೋಡಿ ವಯಸ್ಸು ಹೇಳೋದನ್ನ ನಾವೂ ಕಲೀತೀವಿ ಅಜ್ಜ, ಅದಕ್ಕೆ ಮೊದಲು ಬಯಾಲಜಿ ಓದಿರಬೇಕು ಅಂದಳು.

"ಕಂಪ್ಯೂಟರಲ್ಲಿ ಬರಕಿಲ್ವಾ?"

"ಬರಲ್ಲ ಅಜ್ಜ."

ಹಂಗಾದ್ರೆ ಅದೆಂಥ ಓದು ಅಂದರು ನಮ್ಮನೆಯವರು.

೪. ಬಾಯಲ್ಲಿ ಹತ್ತಿ

ಡಾಕ್ಟರಮ್ಮ ಹಲ್ಲು ಕಿತ್ತು, ಹತ್ತಿ ಕಚ್ಚಿಸಿ, ಸ್ವಲ್ಪ ಹೊತ್ತು ಮಾತಾಡಬೇಡಿ ಅಂದಿದ್ದಳು. ಕಾಲೇಜಲ್ಲಿ ಮೇಷ್ಟರು ಯಾವ ಸಬ್ಜೆಕ್ಟ್ ಅಂತ ಕೇಳಿದರು. ಹುಡುಗಿ ನನ್ನ ಸೆರಗು ಹಿಡಿದು ತಾತನ ಮುಖ ನೋಡಿದಳು. ತಾತ ಅವಳ ಬೆನ್ನಿಗೆ ಕೈಯಿಟ್ಟು ಮುಂದಕ್ಕೆ ದಬ್ಬಿದರು, ನೀನೇ ಹೇಳು ಅನ್ನೋ ಹಾಗೆ. ಬಯಾಲಜಿ ಸಾರ್ ಅಂದಳು.

ಈಗ ಅವಳು ಡಾಕ್ಟರು. ದೇವರಿಗೆ ಕೈ ಮುಗಿಯುವಾಗ ಆ ಡಾಕ್ಟರಮ್ಮನನ್ನೂ ನೆನೀತೀನಿ, ಆ ಹುಳುಕು ಹಲ್ಲನ್ನೂ ನೆನೀತೀನಿ.

ಅವತ್ತು ವಾಪಸು ಬರುವಾಗ ಬಾಳ್ಳುಪೇಟೆ ಹತ್ರ ಯಜಮಾನರು ಹತ್ತಿ ಉಗಿದರು. ಏನಂತಾರೋ ಅಂತ ಹುಡುಗಿ ಅವರ ಬಾಯನ್ನೇ ನೋಡುತ್ತಿದ್ದಳು.

"ಚೆನ್ನಾಗಿ ಓದವ್ವ. ಓದಿ ಬಂದು ನಮ್ಮ ಮುದಿ ಎತ್ತಿಗೂ ಒಂದು ಸೆಟ್ಟು ಹಲ್ಲು ಕಟ್ಕೊಡು. ಸಂತೇಲಿ ಎಳೇ ಹೋರಿ ಅಂತ ಮಾರ್ಬುಡ್ತೀನಿ."